ತೊಟ್ಟಿಲ ಮನೆಯಲ್ಲಿ ಕಾಯಕದ ಮಿತಿ

ಗೃಹಸ್ಥನಿಗೆ ಬರುವ ಧರ್ಮಸಂಕಟಗಳಲ್ಲಿ ಹೆಚ್ಚಿನವು ಒಳಿತು ಕೆಡುಕುಗಳ ನಡುವೆ ಹುಟ್ಟುವುದಿಲ್ಲ. ಕೆಡುಕನ್ನು ಬಿಡಬೇಕೆಂಬುದನ್ನು ಬಲ್ಲವನಿಗೆ ಅಲ್ಲಿ ಸಂಶಯಕ್ಕೆ ಎಡೆಯಿಲ್ಲ. ಎರಡು ಒಳಿತುಗಳು ಒಂದೇ ಗಳಿಗೆಯಲ್ಲಿ ಅವನನ್ನು ಕರೆದಾಗಲೇ ಮನಸ್ಸು ತೂಗುಯ್ಯಾಲೆಯಾಗುತ್ತದೆ. ಅಂತಹ ಒಂದು ಸಂಕಟವನ್ನು ಈ ಪಾಠದಲ್ಲಿ ವಿಚಾರಕ್ಕೆ ಎತ್ತಿಕೊಳ್ಳೋಣ.

ನಮ್ಮ ಅನೇಕ ಮನೆಗಳ ಮಕ್ಕಳು ಇಂದು ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ಸಾಫ್ಟ್‌ವೇರ್ ಕೆಲಸದಲ್ಲಿ ತೊಡಗಿರುವರು. ಅವರಲ್ಲಿ ಕೆಲವರಿಗೆ ಅದು ಕೇವಲ ಹೊಟ್ಟೆಯ ಪಾಡಲ್ಲ. ಕಛೇರಿಯ ಕೆಲಸ ಮುಗಿದ ಮೇಲೆಯೂ ಅವರು ತಮ್ಮದೇ ಆದ ಪ್ರೋಗ್ರಾಮುಗಳನ್ನು ಬರೆಯುತ್ತಾರೆ, ಹೊಸ ಭಾಷೆಗಳನ್ನು ಕಲಿಯುತ್ತಾರೆ, ಲೋಕಕ್ಕೆಲ್ಲ ಉಚಿತವಾಗಿ ದೊರೆಯುವ ತಂತ್ರಾಂಶಗಳಿಗೆ ತಮ್ಮ ದುಡಿಮೆಯನ್ನು ಧಾರೆಯೆರೆಯುತ್ತಾರೆ. ಹೀಗಿರುವಾಗ ಮನೆಗೆ ಒಂದು ಮಗು ಬರುತ್ತದೆ. ಆಗ ಆ ತರುಣನು ಕೇಳುವ ಪ್ರಶ್ನೆ ಇದು: ‘ನನ್ನ ಈ ಆಸಕ್ತಿಯನ್ನು ಬಿಡಬೇಕೆ? ಬಿಡದಿದ್ದರೆ ನಾನು ಒಳ್ಳೆಯ ತಂದೆಯಲ್ಲವೆ?’ ಇದನ್ನು ಹುಡುಗಾಟದ ಪ್ರಶ್ನೆಯೆಂದು ಹಿರಿಯರು ತಳ್ಳಿಹಾಕಬಾರದು. ಕುಶಲಿಯಾದವನಿಗೆ ತನ್ನ ಕೌಶಲವೆಂಬುದು ಕೈಯ ಮೇಲಿನ ಆಭರಣವಲ್ಲ, ಕೈಯೇ ಆಗಿರುತ್ತದೆ.

1. ಈ ಕಾಯಕದ ಗುಣ

ಮೊದಲು ಈ ಕೆಲಸದ ಸ್ವಭಾವವನ್ನು ಅರಿಯಬೇಕು. ನೇಕಾರನು ಮಗ್ಗದಿಂದ ಎದ್ದುಹೋದರೆ ನೆಯ್ದ ಬಟ್ಟೆ ಮಗ್ಗದ ಮೇಲೆಯೇ ಇರುತ್ತದೆ. ಮರಳಿ ಬಂದು ಲಾಳಿಯನ್ನು ಹಿಡಿದರಾಯಿತು. ಪ್ರೋಗ್ರಾಮ್ ಬರೆಯುವವನ ನೂಲಿನ ಹೆಚ್ಚಿನ ಪಾಲು ಅವನ ತಲೆಯೊಳಗೇ ಇರುತ್ತದೆ. ಯಾವ ಭಾಗವು ಯಾವುದನ್ನು ಕರೆಯುತ್ತದೆ, ಯಾವ ಬೆಲೆ ಎಲ್ಲಿ ಬದಲಾಗುತ್ತದೆ, ದೋಷವು ಎಲ್ಲಿ ಅಡಗಿರಬಹುದು ಎಂಬ ಹತ್ತಾರು ಎಳೆಗಳನ್ನು ಅವನು ಒಮ್ಮೆಗೇ ನೆನಪಿನಲ್ಲಿ ಹಿಡಿದುಕೊಂಡಿರಬೇಕು. ಒಂದು ಅಳು, ಒಂದು ಕರೆ, ಆ ಎಳೆಗಳನ್ನೆಲ್ಲ ಕಡಿಯಲು ಸಾಕು. ಆಮೇಲೆ ಅವುಗಳನ್ನು ಕೂಡಿಸಿಕೊಳ್ಳಲು ಮತ್ತೆ ಬಹಳ ಹೊತ್ತು ಬೇಕು. 2009ರಲ್ಲಿ ಪಾಲ್ ಗ್ರಹಾಂ ಎಂಬ ಪ್ರೋಗ್ರಾಮರ್ ಬರೆದ ಒಂದು ಪ್ರಬಂಧವು ಈ ಕಾರಣದಿಂದಲೇ ಅವನ ಬಳಗದಲ್ಲಿ ಪ್ರಸಿದ್ಧವಾಯಿತು: ಆಡಳಿತ ನಡೆಸುವವನು ದಿನವನ್ನು ಗಂಟೆಗಳಲ್ಲಿ ಅಳೆಯುತ್ತಾನೆ, ರಚಿಸುವವನಿಗಾದರೋ ಅರ್ಧ ದಿನದ ಅಖಂಡ ಹೊತ್ತು ಬೇಕು ಎಂಬುದು ಅದರ ತಾತ್ಪರ್ಯ.

ಇನ್ನೊಂದು ಗುಣವೂ ಉಂಟು. ಈ ಕೆಲಸದಲ್ಲಿ ಫಲವು ಕೂಡಲೆ ಕಾಣುತ್ತದೆ. ತಪ್ಪನ್ನು ತಿದ್ದಿದ ಕ್ಷಣದಲ್ಲಿ ಯಂತ್ರವು ಹೇಳಿದಂತೆ ಕೇಳುತ್ತದೆ. ‘ಇನ್ನೊಂದು ಸಾಲು, ಇನ್ನೊಂದು ತಿದ್ದುಪಡಿ’ ಎನ್ನುತ್ತ ಎರಡು ಜಾವ ಕಳೆದುಹೋಗುವುದು ಅವನಿಗೆ ತಿಳಿಯುವುದಿಲ್ಲ. ಮಗುವಾದರೋ ಹೇಳಿದಂತೆ ಕೇಳುವುದಿಲ್ಲ. ಅದು ಏಕೆ ಅತ್ತಿತು, ಏಕೆ ಸುಮ್ಮನಾಯಿತು ಎಂಬುದಕ್ಕೆ ಎಷ್ಟೋ ವೇಳೆ ಕಾರಣವೇ ದೊರೆಯದು. ಆದುದರಿಂದ ಅಳುವ ಮಗುವಿನ ಎದುರಿನಲ್ಲಿ ಸೋತ ತರುಣನು ತನಗೆ ಗೆಲವು ಖಚಿತವಾಗಿರುವ ಯಂತ್ರದ ಕಡೆಗೆ ಸರಿಯುವುದು ಸಹಜ. ಇದು ಕಾಯಕಪ್ರೇಮವೋ ಅಥವಾ ಕಷ್ಟದಿಂದ ಪಲಾಯನವೋ ಎಂಬುದನ್ನು ಅವನು ತನ್ನ ಮನಸ್ಸನ್ನೇ ಸಾಕ್ಷಿಯಾಗಿ ಕೇಳಿಕೊಳ್ಳಬೇಕು.

2. ಶಿಶುವಿನ ಕಾಲ

ಎಳೆಯ ಕೂಸಿಗೆ ಹಗಲು ರಾತ್ರಿಗಳ ಭೇದವಿಲ್ಲ. ಮೊದಲ ವಾರಗಳಲ್ಲಿ ಅದು ದಿನವೊಂದಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ. ಒಟ್ಟಿನಲ್ಲಿ 14ರಿಂದ 17 ಗಂಟೆಗಳಷ್ಟು ನಿದ್ರಿಸಿದರೂ ಆ ನಿದ್ರೆಯು ಎರಡು ಮೂರು ಗಂಟೆಗಳ ತುಣುಕುಗಳಾಗಿ ಹರಿದುಹೋಗಿರುತ್ತದೆ. ಕೂಸಿನ ನಿದ್ರೆ ಹರಿದರೆ ತಾಯಿಯ ನಿದ್ರೆಯೂ ಹರಿಯಿತು. ರಚನಕಾರನಿಗೆ ಬೇಕಾದುದು ಅಖಂಡ ಹೊತ್ತು. ಶಿಶುವು ಮನೆಯವರಿಗೆ ಕೊಡುವುದು ತುಂಡು ಹೊತ್ತು. ಈ ವಿರೋಧವೇ ಸಂಕಟದ ಮೂಲವಾಗಿದೆ.

ಇದನ್ನು ಗೆಲ್ಲಲು ಹೆಚ್ಚಿನವರು ಹಿಡಿಯುವ ದಾರಿ ಒಂದೇ: ಮಗು ಮಲಗಿದ ಮೇಲೆ ನಡುರಾತ್ರಿಯವರೆಗೆ ಕೂಡುವುದು. ಇದು ತ್ಯಾಗದಂತೆ ಕಂಡರೂ ಪರೀಕ್ಷೆಗೆ ನಿಲ್ಲುವುದಿಲ್ಲ. 1997ರಲ್ಲಿ ‘ನೇಚರ್’ ಎಂಬ ವಿಜ್ಞಾನಪತ್ರಿಕೆಯಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಎಡೆಬಿಡದೆ 17 ಗಂಟೆ ಎಚ್ಚರವಾಗಿದ್ದವರ ಕೈ ಕಣ್ಣುಗಳ ಚುರುಕು, ರಕ್ತದಲ್ಲಿ ನೂರಕ್ಕೆ 0.05ರಷ್ಟು ಮದ್ಯವಿರುವವರ ಮಟ್ಟಕ್ಕೆ ಇಳಿದುದು ಕಂಡುಬಂದಿತು. ನಮ್ಮ ದೇಶದ ಮೋಟಾರು ವಾಹನ ಕಾನೂನು ಚಾಲಕನಿಗೆ ಇಟ್ಟ ಮಿತಿಯಾದರೋ ನೂರಕ್ಕೆ 0.03. ಮದ್ಯವನ್ನು ಮುಟ್ಟದ ಶರಣನಾದರೂ ನಿದ್ರೆಗೆಟ್ಟು ಕುಳಿತಾಗ ಕೆಲಸದ ಮಟ್ಟಿಗೆ ಅಮಲಿನವನೇ ಆಗಿರುತ್ತಾನೆ! 2011ರಲ್ಲಿ ಸಂಶೋಧಕರು ಲಿನಕ್ಸ್ ಮತ್ತು ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಎರಡು ಪ್ರಸಿದ್ಧ ತಂತ್ರಾಂಶಗಳ ಬದಲಾವಣೆಗಳನ್ನು ಗಂಟೆಗಂಟೆಯಾಗಿ ವಿಂಗಡಿಸಿ ನೋಡಿದರು. ನಡುರಾತ್ರಿಯಿಂದ ಬೆಳಗಿನ ಜಾವ ನಾಲ್ಕರವರೆಗೆ ಸೇರಿಸಿದ ಬರಹದಲ್ಲಿ ದೋಷಗಳು ಹೆಚ್ಚು, ಬೆಳಗ್ಗೆ ಏಳರಿಂದ ಮಧ್ಯಾಹ್ನದೊಳಗೆ ಸೇರಿಸಿದುದರಲ್ಲಿ ಕಡಿಮೆ ಎಂದು ಅವರಿಗೆ ತಿಳಿದುಬಂದಿತು. ಅಂದಮೇಲೆ ನಿದ್ರೆಯನ್ನು ಮಾರಿ ಕೊಂಡ ರಾತ್ರಿಯ ಹೊತ್ತು ಕಾಯಕಕ್ಕೂ ಲಾಭವಲ್ಲ, ಮನೆಗೂ ಲಾಭವಲ್ಲ.

3. ಒಂದು ದೃಷ್ಟಾಂತ

ಈಗ ಲೋಕಪ್ರಸಿದ್ಧನಾದ ಒಬ್ಬ ಕುಶಲಿಯ ಜೀವನವನ್ನು ನೋಡೋಣ. ಫಿನ್ಲೆಂಡ್ ದೇಶದ ಲೈನಸ್ ಟೊರ್ವಾಲ್ಡ್ಸ್ ಎಂಬವರು 1991ರಲ್ಲಿ, ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ, ಗಣಕಯಂತ್ರವನ್ನು ನಡೆಯಿಸುವ ಮೂಲ ತಂತ್ರಾಂಶವೊಂದನ್ನು ತಮ್ಮ ಸಂತೋಷಕ್ಕಾಗಿ ಬರೆಯಲು ತೊಡಗಿದರು. ಅದೇ ಲಿನಕ್ಸ್. ಅದನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು ಎಂದು ಬಿಟ್ಟುಕೊಟ್ಟರು. ಇಂದು ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನುಗಳ ಒಳಗೂ ಅದೇ ತಿರುಳು ಇದೆ.

1996ರ ಕೊನೆಯಲ್ಲಿ ಅವರಿಗೆ ಮೊದಲ ಮಗಳು ಹುಟ್ಟಿದಳು. 1997ರ ಆರಂಭದಲ್ಲಿ ಅವರು ಹೆಂಡತಿ ಮತ್ತು ಕೈಗೂಸಿನೊಡನೆ ಅಮೆರಿಕದ ಕ್ಯಾಲಿಫೋರ್ನಿಯಕ್ಕೆ ಹೋಗಿ, ಟ್ರಾನ್ಸ್‌ಮೆಟಾ ಎಂಬ ಕಂಪನಿಯಲ್ಲಿ ಉದ್ಯೋಗಕ್ಕೆ ಸೇರಿದರು. 1998ರಲ್ಲಿ ಎರಡನೆಯ ಮಗಳು, 2000ದಲ್ಲಿ ಮೂರನೆಯವಳು. ಹೀಗೆ ನಾಲ್ಕು ವರ್ಷಗಳೊಳಗೆ ಮೂರು ತೊಟ್ಟಿಲು, ಪರದೇಶ, ಹೊಸ ಕೆಲಸ, ಅದರ ಮೇಲೆ ದಿನೇದಿನೇ ಬೆಳೆಯುತ್ತಿದ್ದ ಲಿನಕ್ಸ್.

ಲಿನಕ್ಸಿನ ಒಳಗೆ ಒಂದು ವಿನೋದವಿದೆ. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸುವ ಆಜ್ಞೆಯು ಅಚಾತುರ್ಯದಿಂದ ನಡೆದುಹೋಗದಿರಲೆಂದು, ಆಜ್ಞೆಯೊಡನೆ ಗೊತ್ತುಪಡಿಸಿದ ಗುಟ್ಟಿನ ಸಂಖ್ಯೆಗಳನ್ನು ಕೊಡಬೇಕೆಂಬ ನಿಯಮವುಂಟು. ಅವುಗಳಲ್ಲಿ ಒಂದು 672274793. ಇದನ್ನು ಹದಿನಾರನ್ನು ಆಧಾರವಾಗುಳ್ಳ ಸಂಖ್ಯಾಪದ್ಧತಿಯಲ್ಲಿ ಬರೆದರೆ 28121969 ಎಂದಾಗುತ್ತದೆ. ಇದು 1969ರ ಡಿಸೆಂಬರ್ 28, ಟೊರ್ವಾಲ್ಡ್ಸರ ಹುಟ್ಟಿದ ದಿನ. ಇದಕ್ಕೆ ಬದಲಾಗಿ ಕೊಡಬಹುದಾದ ಇನ್ನು ಮೂರು ಸಂಖ್ಯೆಗಳಿವೆ. ಅವು ಮೂವರು ಹೆಣ್ಣುಮಕ್ಕಳ ಜನ್ಮದಿನಗಳು. ಮೊದಲೆರಡು ಸಂಖ್ಯೆಗಳು 2.1.17 ಮತ್ತು 2.1.97ನೆಯ ಆವೃತ್ತಿಗಳಲ್ಲಿ, ಎಂದರೆ ಆಯಾ ಮಗು ಹುಟ್ಟಿದ ಕಾಲದಲ್ಲಿಯೇ, ಸೇರಿದವು. ಮೂರನೆಯವಳ ಸಂಖ್ಯೆ ಸೇರಿದುದು 2003ರಲ್ಲಿ. ಮೂರನೆಯ ಮಗುವಿನ ಹೊತ್ತಿಗೆ ತಂದೆತಾಯಿಗಳಿಗೆ ಎಷ್ಟು ಬಿಡುವಿರುತ್ತದೆಂಬುದನ್ನು ಅನುಭವಿಗಳಿಗೆ ಹೇಳಬೇಕಾದುದಿಲ್ಲ!

ಆದರೆ ಕಾಯಕದೊಳಗೆ ಮಗುವಿನ ಹೆಸರನ್ನೋ ದಿನವನ್ನೋ ಬರೆಯುವುದು ಸುಲಭ. ಮಗುವಿನ ದಿನದೊಳಗೆ ತಾನು ಇರುವುದು ಕಷ್ಟ. ಆಗ ಲಿನಕ್ಸಿಗೆ ಬರುವ ತಿದ್ದುಪಡಿಗಳೆಲ್ಲವೂ ಟೊರ್ವಾಲ್ಡ್ಸ್ ಒಬ್ಬರ ಕೈಯಿಂದಲೇ ಹಾದುಹೋಗಬೇಕಾಗಿತ್ತು. 1998ರ ಸೆಪ್ಟೆಂಬರಿನಲ್ಲಿ ಬಿಕ್ಕಟ್ಟು ತಲೆದೋರಿತು. ಕಳಿಸಿದ ತಿದ್ದುಪಡಿಗಳು ಉತ್ತರವಿಲ್ಲದೆ ಕಳೆದುಹೋಗುತ್ತಿವೆ ಎಂದು ಜೊತೆಗಾರರು ಆಕ್ಷೇಪಿಸಿದರು. ಮನೆಯಲ್ಲಿ ಆಗ ಎರಡು ವರ್ಷ ತುಂಬದ ಒಂದು ಮಗು, ಅರ್ಧ ವರ್ಷ ತುಂಬದ ಇನ್ನೊಂದು. ಟೊರ್ವಾಲ್ಡ್ಸರು ಬೇಸತ್ತು ಕೆಲವು ದಿನ ಕೆಲಸದಿಂದ ದೂರ ಸರಿದರು. ಈ ಬಿಕ್ಕಟ್ಟಿಗೆ ಮಕ್ಕಳೇ ಕಾರಣವೆಂದು ಹೇಳಿದರೆ ತಪ್ಪಾಗುತ್ತದೆ. ಎಲ್ಲ ಕೆಲಸವೂ ಒಂದೇ ಬಾಗಿಲಿನಿಂದ ಹೋಗಬೇಕೆಂಬ ಏರ್ಪಾಟೇ ಕಾರಣ. ಲ್ಯಾರಿ ಮೆಕ್‌ವಾಯ್ ಎಂಬ ಸಹೋದ್ಯೋಗಿ ಆಗ ಎತ್ತಿ ತೋರಿಸಿದುದೂ ಇದನ್ನೇ: ಕೆಲಸ ಬೆಳೆದಂತೆ ಮನುಷ್ಯನೊಬ್ಬನು ಅದರಷ್ಟೇ ಬೆಳೆಯಲಾರನು.

ಪರಿಹಾರವು ಹೇಗೆ ಬಂದಿತು? ಅವರು ಲಿನಕ್ಸನ್ನು ಬಿಡಲಿಲ್ಲ. ಬೇರೆಬೇರೆ ಭಾಗಗಳ ಹೊಣೆಯನ್ನು ನಂಬಿಕೆಯವರು ಹೊರುವ ಪದ್ಧತಿ ಬಲಗೊಂಡಿತು. 2002ರಿಂದ ತಿದ್ದುಪಡಿಗಳ ಲೆಕ್ಕವನ್ನಿಡಲು ಮೆಕ್‌ವಾಯ್ ಅವರ ಬಿಟ್‌ಕೀಪರ್ ಎಂಬ ಉಪಕರಣವನ್ನು ಬಳಸತೊಡಗಿದರು. 2005ರಲ್ಲಿ ಅದರ ಉಚಿತ ಬಳಕೆ ನಿಂತಾಗ ಟೊರ್ವಾಲ್ಡ್ಸರು ಏಪ್ರಿಲ್ ತಿಂಗಳಲ್ಲಿ ಗಿಟ್ ಎಂಬ ಹೊಸ ಉಪಕರಣವನ್ನು ತಾವೇ ರಚಿಸಿದರು. ಇಂದು ಜಗತ್ತಿನ ಪ್ರೋಗ್ರಾಮರುಗಳಲ್ಲಿ ಅದನ್ನು ಅರಿಯದವರು ವಿರಳ. ಆದರೆ ಅದೇ ವರ್ಷದ ಜುಲೈ ತಿಂಗಳಿಗೆ ಅವರು ಅದರ ಪಾಲನೆಯನ್ನು ಜೂನಿಯೊ ಹಮಾನೊ ಎಂಬವರಿಗೆ ಒಪ್ಪಿಸಿಬಿಟ್ಟರು. ತಾನು ಹೆತ್ತ ಕೃತಿಯನ್ನು ನಾಲ್ಕು ತಿಂಗಳು ತುಂಬುವ ಮೊದಲೇ ಯೋಗ್ಯನೊಬ್ಬನ ಕೈಗೆ ಕೊಟ್ಟು, ಆಮೇಲೆ ಅದರ ಮೇಲೆ ಹಕ್ಕು ಸಾಧಿಸದೆ ಇರುವುದು ಸಣ್ಣ ಮಾತಲ್ಲ.

2018ರಲ್ಲಿ ಇನ್ನೊಂದು ಪರೀಕ್ಷೆ ಬಂದಿತು. ಸಹೋದ್ಯೋಗಿಗಳೊಡನೆ ತಾವು ಆಡುತ್ತಿದ್ದ ಒರಟು ಮಾತುಗಳಿಗಾಗಿ ಟೊರ್ವಾಲ್ಡ್ಸರು ಬಹಿರಂಗವಾಗಿ ಕ್ಷಮೆ ಬೇಡಿ, ಕೆಲವು ವಾರ ಕೆಲಸದಿಂದ ಹಿಂದೆ ಸರಿದರು. ಆ ಅಕ್ಟೋಬರಿನಲ್ಲಿ 4.19ನೆಯ ಆವೃತ್ತಿಯನ್ನು ಗ್ರೆಗ್ ಕ್ರೋವ-ಹಾರ್ಟ್‌ಮನ್ ಎಂಬವರು ಹೊರತಂದರು. 1998ರಲ್ಲಿ ಒಬ್ಬನು ಬಳಲಿದರೆ ಎಲ್ಲವೂ ತಡೆಯುತ್ತಿತ್ತು. 2018ರಲ್ಲಿ ಅವನು ಎದ್ದುಹೋದರೂ ಕೆಲಸ ನಡೆಯಿತು. ನಾನಿಲ್ಲದೆ ನಡೆಯದು ಎಂಬ ಕೆಲಸವು ಇನ್ನೂ ಸರಿಯಾಗಿ ಕಟ್ಟಿದ ಕೆಲಸವಲ್ಲವೆಂಬುದನ್ನು ಈ ದೃಷ್ಟಾಂತದಿಂದ ನಾವು ತಿಳಿಯತಕ್ಕದ್ದು.

4. ಅಕ್ಕಿಯ ಅಳತೆ

ಇಲ್ಲಿ ಒಂದು ಆಕ್ಷೇಪ ಏಳಬಹುದು. ‘ಕಾಯಕವನ್ನೇ ಕೈಲಾಸವೆಂದು ಬಗೆದ ಪರಂಪರೆ ನಮ್ಮದು. ಹಾಗಿದ್ದಮೇಲೆ ಕಾಯಕಕ್ಕೆ ಮಿತಿ ಎಂತು?’ ಎಂದು.

ಇದಕ್ಕೆ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆಯೇ ಉತ್ತರ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ಒಲೆಗೆ ಏರಿಸಲಿಲ್ಲ. ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಗಂಡನಿಗೆ ತಿಳಿಹೇಳಿದಳು ಎಂದು ಶರಣರ ಕಥೆಗಳಲ್ಲಿ ಕೇಳುತ್ತೇವೆ. ಈ ಕಥೆಯಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ಮಾರಯ್ಯನು ತಂದ ಅಕ್ಕಿ ಕದ್ದುದಲ್ಲ, ಬೆವರಿನದೇ. ದೋಷವಿದ್ದುದು ಕೆಲಸದಲ್ಲಲ್ಲ, ಅಳತೆಯಲ್ಲಿ. ಎರಡನೆಯದು, ಅಳತೆ ತಪ್ಪಿದುದನ್ನು ಕಂಡವಳು ಹೆಂಡತಿ. ಮಡಕೆಗೆ ಎಷ್ಟು ಬೇಕೆಂಬುದು ಒಲೆಯ ಬಳಿ ಇರುವವರಿಗೆ ಗೊತ್ತು. ಮೂರನೆಯದು, ಕಾಯಕವನ್ನು ಬಿಡು ಎಂದು ಲಕ್ಕಮ್ಮನು ಹೇಳಲಿಲ್ಲ. ಮಾರಯ್ಯನು ಮತ್ತೆ ಆಯಲು ಹೋಗುವವನೇ.

ನಮ್ಮ ತರುಣನ ನಡುರಾತ್ರಿಯ ದುಡಿಮೆಯೂ ಕಳವಿನದಲ್ಲ. ಆದರೆ ಅವನು ಹೆಚ್ಚಾಗಿ ತೆಗೆದುಕೊಂಡ ಒಂದೊಂದು ಗಂಟೆಯೂ ಯಾರದೋ ಪಾಲಿನಿಂದಲೇ ಬಂದಿರಬೇಕು. ಬಾಣಂತಿಯ ನಿದ್ರೆಯಿಂದ ಬಂದಿದೆಯೆ, ಬಾಣಂತನಕ್ಕೆಂದು ಬಂದ ಅತ್ತೆಯ ಬೆನ್ನುನೋವಿನಿಂದ ಬಂದಿದೆಯೆ ಎಂದು ಅವನು ಲೆಕ್ಕ ಹಾಕಿ ನೋಡಲಿ. ಅದೇ ಲಕ್ಕಮ್ಮನ ಅಳತೆಗೋಲು.

ಹಾಗೆಂದು ಆಸಕ್ತಿಯನ್ನು ಪೂರ್ಣವಾಗಿ ಹಿಸುಕಿಹಾಕುವುದೂ ಸಲ್ಲದು. ‘ಮಗುವಿಗಾಗಿ ನಾನು ಎಲ್ಲವನ್ನೂ ಬಿಟ್ಟೆ’ ಎಂಬ ಮಾತು ಮೊದಲು ತ್ಯಾಗವಾಗಿ ಹುಟ್ಟಿ, ವರ್ಷಗಳು ಕಳೆದಂತೆ ಆ ಮಗುವಿನ ಮೇಲೆ ಹೊರಿಸಿದ ಸಾಲವಾಗಿ ಪರಿಣಮಿಸುತ್ತದೆ. ತನ್ನ ಕೌಶಲದಲ್ಲಿ ಸಂತೋಷಪಡುವ ತಂದೆಯನ್ನು ಕಂಡು ಬೆಳೆಯುವುದು ಮಗುವಿಗೂ ಹಿತ.

5. ತಾಯಿಯ ಪಾಲು

ಇಷ್ಟು ಹೊತ್ತು ತಂದೆಯ ಮಾತನ್ನೇ ಆಡಿದೆವು. ಅದು ಸಾಲದು. ಇಂದು ಎಷ್ಟೋ ಮನೆಗಳಲ್ಲಿ ಹೆಂಡತಿಯೂ ಅದೇ ಕೆಲಸದ ಕುಶಲಿಯಾಗಿದ್ದಾಳೆ. ಗಂಡನು ‘ನನ್ನ ಆಸಕ್ತಿಗೆ ವಾರಕ್ಕೆ ಎಷ್ಟು ಗಂಟೆ?’ ಎಂದು ಕೇಳುವಾಗ, ಅವಳ ಆಸಕ್ತಿಗೆ ಎಷ್ಟು ಗಂಟೆಯೆಂದು ಕೇಳುವವರು ಯಾರು? 2017ರ ಕೇಂದ್ರ ಸರಕಾರದ ತಿದ್ದುಪಡಿ ಕಾನೂನು, ಮೊದಲ ಎರಡು ಹೆರಿಗೆಗಳಿಗೆ ಸಂಬಳಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಹೆಚ್ಚಿಸಿತು. ಐವತ್ತು ಅಥವಾ ಅದಕ್ಕೂ ಹೆಚ್ಚು ಮಂದಿ ದುಡಿಯುವೆಡೆಯಲ್ಲಿ ಶಿಶುಪಾಲನಾಗೃಹ ಇರಬೇಕೆಂದೂ ವಿಧಿಸಿತು. ಆದರೆ ಆ ತಿದ್ದುಪಡಿಯಲ್ಲಿ ತಂದೆಯ ರಜೆಯ ಮಾತೇ ಬರಲಿಲ್ಲ. ಕೂಸಿನ ಹೊಣೆ ತಾಯಿಯೊಬ್ಬಳದು ಎಂಬ ಹಳೆಯ ಭಾವನೆಯ ನೆರಳು ಕಾನೂನಿನ ಮೇಲೂ ಬಿದ್ದಿತು. ಕಾನೂನು ಬಿಟ್ಟ ತೆರಪನ್ನು ಮನೆಯವರೇ ತುಂಬಿಕೊಳ್ಳಬೇಕು.

ನಮ್ಮ ನಾಡಿನ ಒಂದು ರೂಢಿಯ ಬಗ್ಗೆಯೂ ಎಚ್ಚರ ಬೇಕು. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುವಳು. ಮೂರು ತಿಂಗಳೋ ಐದು ತಿಂಗಳೋ ಕಳೆದ ಮೇಲೆ ಕೂಸಿನೊಡನೆ ಮರಳುವಳು. ಬಾಣಂತಿಗೆ ಆರೈಕೆ ದೊರೆಯುವ ಈ ಪದ್ಧತಿ ಒಳ್ಳೆಯದೇ. ಆದರೆ ಬೆಂಗಳೂರಿನ ಮನೆಯಲ್ಲಿ ಒಬ್ಬನೇ ಉಳಿದ ಗಂಡನು ‘ಅಂತೂ ಅಖಂಡವಾದ ಹೊತ್ತು ದೊರೆಯಿತು’ ಎಂದು ಹಿಗ್ಗಿ, ಆ ತಿಂಗಳುಗಳಲ್ಲಿ ದೊಡ್ಡದೊಂದು ಕೆಲಸವನ್ನು ಹಚ್ಚಿಕೊಳ್ಳುತ್ತಾನೆ. ಹೆಂಡತಿ ಮಕ್ಕಳು ಮನೆಗೆ ಬಂದ ದಿನ ಕೆಲಸ ಅರ್ಧದಲ್ಲಿರುತ್ತದೆ, ಮಗು ಅವನ ತೋಳಿನಲ್ಲಿ ಪರಕೀಯನನ್ನು ಕಂಡಂತೆ ಅಳುತ್ತದೆ. ಆಗ ಅವನಿಗೆ ಎರಡೂ ಹೊರೆಯಾಗುತ್ತವೆ. ಆ ತಿಂಗಳುಗಳು ಕೆಲಸವನ್ನು ಹಬ್ಬಿಸುವ ಕಾಲವಲ್ಲ, ಕೈಯಲ್ಲಿರುವುದನ್ನು ಮುಗಿಸಿ ಚೊಕ್ಕಟಗೊಳಿಸುವ ಕಾಲ. ಶನಿವಾರ ಭಾನುವಾರಗಳಂದು ಬೀಗರ ಊರಿಗೆ ಹೋಗಿ ಬಟ್ಟೆ ಬದಲಿಸುವುದನ್ನೂ ತೇಗು ಬರಿಸುವುದನ್ನೂ ಕಲಿಯುವ ಕಾಲ.

6. ಆಚರಣೆಯ ಕ್ರಮ

ವಿಚಾರವು ಆಚಾರವಾಗದಿದ್ದರೆ ಪಾಠದಿಂದ ಪ್ರಯೋಜನವಿಲ್ಲ. ಆದುದರಿಂದ ಕೆಲವು ಕ್ರಮಗಳನ್ನು ಇಲ್ಲಿ ಹೇಳುವೆವು.

ಒಂದು: ಸತಿಪತಿಗಳು ವಾರದ ಆರಂಭದಲ್ಲಿ ಕುಳಿತು ಇಬ್ಬರಿಗೂ ಸಮನಾದ ಸ್ವಂತ ಹೊತ್ತನ್ನು ಗೊತ್ತುಮಾಡಿಕೊಳ್ಳಲಿ. ವಾರಕ್ಕೆ ಎರಡು ಗಂಟೆಯಾದರೂ ಸರಿ, ಅದು ಮಾತು ಕೊಟ್ಟ ಹೊತ್ತಾಗಿರಲಿ. ಕದ್ದ ಐದು ಗಂಟೆಗಿಂತ ಕೊಟ್ಟ ಎರಡು ಗಂಟೆಯಲ್ಲಿ ಮನಸ್ಸು ಹೆಚ್ಚು ನೆಟ್ಟಿರುತ್ತದೆ.

ಎರಡು: ಆ ಹೊತ್ತು ಸಾಧ್ಯವಾದಷ್ಟು ಬೆಳಗಿನದಾಗಿರಲಿ. ಹೊಸದನ್ನು ರಚಿಸುವುದು ಬೆಳಗ್ಗೆ. ಓದುವುದು, ವಿವರಣೆ ಬರೆದಿಡುವುದು ಮುಂತಾದ ಹಗುರ ಕೆಲಸ ಸಂಜೆಗೆ. ದಣಿದ ರಾತ್ರಿಯಲ್ಲಿ ಬರೆದುದನ್ನು ಬೆಳಗ್ಗೆ ಮತ್ತೊಮ್ಮೆ ಓದದೆ ಹೊರಗೆ ಬಿಡಬಾರದು. ಬರೆದುದನ್ನು ಯಂತ್ರವೇ ಪರೀಕ್ಷಿಸುವಂತೆ ಮೊದಲೇ ಏರ್ಪಾಟು ಮಾಡಿಟ್ಟುಕೊಂಡರೆ ದಣಿದ ಕಣ್ಣಿಗೆ ಅದು ಊರುಗೋಲಾಗುತ್ತದೆ.

ಮೂರು: ಕೆಲಸವನ್ನು ಒಂದೇ ಕೂತಿನಲ್ಲಿ ಮುಗಿಯುವಷ್ಟು ಸಣ್ಣ ತುಣುಕುಗಳಾಗಿ ಒಡೆಯಬೇಕು. ಏಳುವಾಗ, ‘ಇಲ್ಲಿಯವರೆಗೆ ಆಯಿತು, ಮುಂದೆ ಇಲ್ಲಿಂದ ತೊಡಗತಕ್ಕದ್ದು’ ಎಂದು ಎರಡು ಸಾಲು ಬರೆದಿಡಬೇಕು. ತಲೆಯೊಳಗಿನ ಎಳೆಗಳನ್ನು ಕಾಗದದ ಮೇಲೆ ಇಳಿಸಿದವನಿಗೆ ಮಗುವಿನ ಅಳು ಅಷ್ಟು ಭಯವನ್ನುಂಟುಮಾಡದು.

ನಾಲ್ಕು: ಇತರರು ನಂಬಿರುವ ತಂತ್ರಾಂಶವನ್ನು ನೋಡಿಕೊಳ್ಳುವವನು ಮಗು ಹುಟ್ಟುವ ಮೊದಲೇ ಇನ್ನೊಬ್ಬನಿಗೆ ಕೀಲಿಕೈಯನ್ನು ಕೊಟ್ಟಿರಬೇಕು. ‘ಮನೆಗೆ ಕೂಸು ಬರುತ್ತಿದೆ, ಕೆಲವು ತಿಂಗಳು ಉತ್ತರ ತಡವಾಗುತ್ತದೆ’ ಎಂದು ಬಹಿರಂಗವಾಗಿ ಹೇಳಲು ಸಂಕೋಚವೇಕೆ?

ಐದು: ಮಗುವನ್ನು ಎತ್ತಿಕೊಂಡಾಗ ಫೋನನ್ನು ಎತ್ತಿಕೊಳ್ಳಬಾರದು. ಎಡಗೈಯಲ್ಲಿ ಕೂಸು, ಬಲಗೈಯಲ್ಲಿ ಪರದೆ ಎಂಬ ಸ್ಥಿತಿಯಲ್ಲಿ ಕೆಲಸವೂ ಆಗುವುದಿಲ್ಲ, ಕೂಸಿನ ಜೊತೆ ಇದ್ದಂತೆಯೂ ಆಗುವುದಿಲ್ಲ. ಇರುವ ಕಡೆ ಪೂರ್ಣವಾಗಿ ಇರುವುದೇ ಈ ಎಲ್ಲ ಕ್ರಮಗಳ ತಿರುಳು.

ಈ ಕ್ರಮಗಳು ಪ್ರತಿದಿನವೂ ನಡೆಯುವುವೆಂದು ಭಾವಿಸಬಾರದು. ಮಗುವಿಗೆ ಜ್ವರ ಬಂದ ವಾರದಲ್ಲಿ ಎಲ್ಲ ಲೆಕ್ಕವೂ ತಲೆಕೆಳಗಾಗುತ್ತದೆ. ಆಗ ಕೋಪಗೊಳ್ಳದೆ ಮುಂದಿನ ವಾರ ಮತ್ತೆ ಕುಳಿತು ಲೆಕ್ಕ ಹಾಕಿಕೊಳ್ಳಬೇಕು.

7. ಸಾರ

ಟೊರ್ವಾಲ್ಡ್ಸರು ರಚಿಸಿದ ಗಿಟ್ ಎಂಬ ಆ ಉಪಕರಣದ ವೈಶಿಷ್ಟ್ಯವೇನೆಂದರೆ, ಬರಹವು ಸಾಗಿಬಂದ ಒಂದೊಂದು ಹಂತವನ್ನೂ ಅದು ಕೂಡಿಟ್ಟಿರುತ್ತದೆ. ವರ್ಷದ ಹಿಂದಿನ ಸ್ಥಿತಿ ಬೇಕೆಂದರೂ ಒಂದು ಆಜ್ಞೆಯಿಂದ ಅದನ್ನು ಮರಳಿ ಪಡೆಯಬಹುದು. ಇಂದು ಬಿಟ್ಟ ಕೆಲಸವು ಆರು ತಿಂಗಳ ಮೇಲೆಯೂ ಬಿಟ್ಟ ಸ್ಥಳದಲ್ಲಿಯೇ ಕಾದಿರುತ್ತದೆ. ಮಗುವು ಮೊದಲ ಸಲ ಮಗ್ಗುಲು ಮಗುಚಿದ ದಿನ, ತಂದೆಯ ದನಿ ಕೇಳಿ ಕತ್ತು ತಿರುಗಿಸಿದ ದಿನ ಹಾಗೆ ಕಾಯುವುದಿಲ್ಲ. ಎರಡು ಒಳಿತುಗಳು ಒಮ್ಮೆಗೇ ಕರೆದಾಗ, ಕಾಯಬಲ್ಲುದನ್ನು ಕಾಯಲು ಬಿಟ್ಟು, ಕಾಯಲಾರದುದರ ಕಡೆಗೆ ಮೊದಲು ಏಳುವುದೇ ವಿವೇಕ.

ಹೀಗೆ ಅಳತೆಯನ್ನರಿತು ನಡೆಯುವ ದಂಪತಿಗಳ ಮನೆಯಲ್ಲಿ ಕಾಯಕವೂ ಕೆಡದು, ತೊಟ್ಟಿಲೂ ಬರಿದೆನಿಸದು. ಓದುಗ ಬಂಧುಗಳು ತಮ್ಮ ಮನೆಯ ತರುಣ ತಂದೆತಾಯಿಗಳೊಡನೆ ಕುಳಿತು ಇದನ್ನು ವಿಚಾರಿಸಲಿ. ಹಿರಿಯರಾದವರು ಬರಿಯ ಉಪದೇಶವನ್ನು ಹೇಳಿ ಸುಮ್ಮನಾಗದೆ, ಒಂದು ಬೆಳಗಿನ ಎರಡು ಗಂಟೆ ಆ ಕೂಸನ್ನು ತಾವೇ ಎತ್ತಿಕೊಂಡು, ಅವರಿಬ್ಬರಿಗೂ ಅಷ್ಟು ಹೊತ್ತನ್ನು ದಾಸೋಹವಾಗಿ ನೀಡಲಿ.